ಮರೆವೆಂಬ ವರ

ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ, ಹಳೆಯ ಕೋಟೆಯನ್ನು ನೆತ್ತಿಯ ಮೇಲೆ ಹೊತ್ತು ನಿಂತ ಬೆಟ್ಟದ ಮಗ್ಗುಲಲ್ಲಿ, ರೇಣುಕಾಂಬೆಯ ಗುಹಾಲಯವಿದೆ. ಕೊಡಲಿ ಹಿಡಿದು ಬೆನ್ನಟ್ಟಿದ ಮಗನಿಂದ ತಪ್ಪಿಸಿಕೊಂಡು ಓಡಿಬಂದ ತಾಯಿ ಇಲ್ಲಿಯ ಬಂಡೆಯ ಬಿರುಕನ್ನು ಹೊಕ್ಕಳೆಂಬುದು ಸ್ಥಳದ ಜನರ ನಂಬಿಕೆ. ವ್ಯಾಸಭಾರತದ ವನಪರ್ವದಲ್ಲಿ ಆ ಕಥೆ ಬೇರೊಂದು ಬಗೆಯಾಗಿ ನಡೆಯುತ್ತದೆ. ತಂದೆಯ ಆಜ್ಞೆಯಂತೆ ತಾಯಿಯ ಶಿರಸ್ಸನ್ನು ಛೇದಿಸಿದ ಪರಶುರಾಮನನ್ನು ನೋಡಿ ಪ್ರಸನ್ನನಾದ ಜಮದಗ್ನಿಯು ವರವನ್ನು ಬೇಡೆಂದಾಗ, ತಾಯಿ ಜೀವಂತಳಾಗಿ ಏಳಲಿ ಎಂದು ಅವನು ಮೊದಲು ಕೇಳುತ್ತಾನೆ. ಅಷ್ಟಕ್ಕೆ ನಿಲ್ಲದೆ, ತಾನು ಹತಳಾದೆನೆಂಬ ನೆನಪು ಅವಳಲ್ಲಿ ಉಳಿಯದಿರಲಿ ಎಂದೂ, ಆ ಪಾಪ ತನ್ನನ್ನು ಸೋಂಕದಿರಲಿ ಎಂದೂ ಕೇಳುತ್ತಾನೆ. ಕೇಳಿದ್ದೆಲ್ಲವೂ ದೊರೆಯಿತು. ಮೊದಲನೆಯ ವರ ಫಲಿಸಿದ್ದರಿಂದ ಉಳಿದೆರಡನ್ನು ಬೇಡುವ ಅಧಿಕಾರ ಆ ಮಗನಿಗೆ ಇತ್ತೆಂದು ಒಪ್ಪಬಹುದು.

ಕುಡಿದು ವಾಹನ ನಡೆಸಿ ಪರರ ಪ್ರಾಣವನ್ನು ಕಳೆದವನ ಪರವಾಗಿ ನಮ್ಮ ಕಾಲದ ಸಮಾಜ ಬೇಡುವುದಾದರೋ ಎರಡನೆಯದನ್ನೂ ಮೂರನೆಯದನ್ನೂ ಮಾತ್ರ. ಮೊದಲನೆಯದನ್ನು ಕೊಡಬಲ್ಲ ಜಮದಗ್ನಿ ಎಲ್ಲಿಯೂ ಇಲ್ಲವೆಂಬುದು ಎಲ್ಲರಿಗೂ ತಿಳಿದಿದೆ. ತಿಳಿದಿದ್ದೇ, ಅದೇ ಅಭಾವವನ್ನು ಕಾರಣವಾಗಿ ಮುಂದುಮಾಡಿ, ಸತ್ತವರ ಮನೆಯವರು ಮರೆಯಲಿ, ಕೊಂದವನಿಗೆ ದೋಷ ಅಂಟದಿರಲಿ ಎಂದು ಹಿರಿಯರೂ ಹಿತೈಷಿಗಳೂ ಒಬ್ಬರ ಬಾಯಿಂದ ಇನ್ನೊಬ್ಬರು ಮಾತನ್ನು ಎತ್ತಿಕೊಂಡವರಂತೆ ಹೇಳತೊಡಗುತ್ತಾರೆ. ಸೊರಬ, ಆನವಟ್ಟಿ, ಶಿರಾಳಕೊಪ್ಪ, ಶಿಕಾರಿಪುರದ ಸುತ್ತಿನ ಯಾವ ಹಳ್ಳಿಯಲ್ಲಾದರೂ ಇಂಥ ಸಾವು ನಡೆದ ಮನೆಯ ಜಗಲಿಯಲ್ಲಿ ಒಂದು ಹೊತ್ತು ಕುಳಿತರೆ ಆ ಮಾತುಗಳು ಕ್ರಮವಾಗಿ ಕಿವಿಗೆ ಬೀಳುತ್ತವೆ. ಮೊದಲ ದಿನ ಕೇಳಿಬರುವುದು ‘ಆಯಸ್ಸು ಅಷ್ಟೇ ಇತ್ತು’, ‘ಹಣೇಲಿ ಬರೆದಿದ್ದು ತಪ್ಪುತ್ತಾ’ ಎಂಬಂಥವು. ಇವನ್ನು ಹಳಿಯಲಾಗದು, ಕಾಲ ಕೆಳಗಿನ ನೆಲವೇ ಕುಸಿದಿರುವ ಗಳಿಗೆಯಲ್ಲಿ ಮನುಷ್ಯನಿಗೆ ಏನಾದರೊಂದು ಊರುಗೋಲು ಬೇಕು, ವಿಧಿಯೆಂಬುದು ತಲೆತಲಾಂತರದಿಂದ ಆ ಕೆಲಸವನ್ನು ಮಾಡಿಕೊಂಡು ಬಂದಿದೆ. ಆದರೆ ಸೂತಕ ಕಳೆಯುವುದರೊಳಗಾಗಿ ಮಾತಿನ ದಿಕ್ಕು ಬದಲಾಗುತ್ತದೆ. ‘ಅವನೇನು ಬೇಕಂತ ಮಾಡಿದ್ನಾ, ಸ್ವಲ್ಪ ತಗೊಂಡಿದ್ದ ಅಷ್ಟೆ’. ‘ಕೇಸು ಗಟ್ಟಿ ಮಾಡಿದ್ರೆ ಹೋದವರು ಬರ್ತಾರಾ’. ‘ಅವನಿಗೂ ಹೆಂಡತಿ ಮಕ್ಕಳಿಲ್ವಾ’. ಸಾಂತ್ವನ ಎಲ್ಲಿ ಮುಗಿದು ರಾಜಿ ಎಲ್ಲಿ ಮೊದಲಾಯಿತೆಂಬುದು ಎದುರಿಗೆ ಕುಳಿತ ಆ ಮನೆಯ ವಿಧವೆಗೆ ತಿಳಿಯುವುದೇ ಇಲ್ಲ.

ಈ ಮರೆವು ಜಗಲಿಯ ಮಾತಿನಲ್ಲಿ ಮಾತ್ರ ಇದ್ದಿದ್ದರೆ ಅದನ್ನು ಲೋಕರೂಢಿಯೆಂದು ಬಿಟ್ಟುಬಿಡಬಹುದಾಗಿತ್ತು. ಅದು ಸರ್ಕಾರದ ಕಡತಗಳಲ್ಲಿಯೂ ಮನೆಮಾಡಿಕೊಂಡಿದೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಪ್ರಕಟಿಸಿದ ವರದಿಯಂತೆ 2022ರಲ್ಲಿ ಭಾರತದ ರಸ್ತೆಗಳಲ್ಲಿ ಮಡಿದವರು 1,68,491 ಮಂದಿ. ಅವರಲ್ಲಿ ಮದ್ಯ ಅಥವಾ ಮಾದಕ ವಸ್ತುವಿನ ಸೇವನೆಯಿಂದಾದ ಅಪಘಾತಗಳಿಗೆ ಬಲಿಯಾದವರು 4,201 ಮಂದಿ, ಎಂದರೆ ನೂರಕ್ಕೆ ಎರಡೂವರೆ. ಅತಿವೇಗದ ಲೆಕ್ಕಕ್ಕೆ ಬರೆದ ಸಾವುಗಳು ನೂರಕ್ಕೆ ಎಪ್ಪತ್ತನ್ನೂ ಮೀರುತ್ತವೆ. ಶನಿವಾರ ರಾತ್ರಿ ಹತ್ತು ಗಂಟೆಯ ಮೇಲೆ ಯಾವುದೇ ಪೇಟೆಯ ಹೊರವಲಯದ ರಸ್ತೆಯಲ್ಲಿ ಓಡಾಡಿರುವವರು ಈ ಎರಡೂವರೆಯನ್ನು ನಂಬಬಲ್ಲರೆ? ಅತಿವೇಗವನ್ನು ಕಣ್ಣಿನಿಂದ ಊಹಿಸಿ ಬರೆಯಬಹುದು, ಚಕ್ರದ ಗುರುತನ್ನು ನೋಡಿ ಬರೆಯಬಹುದು, ಏನನ್ನೂ ನೋಡದೆಯೂ ಬರೆಯಬಹುದು. ಮದ್ಯವನ್ನು ಬರೆಯಬೇಕಾದರೆ ಉಸಿರನ್ನೋ ರಕ್ತವನ್ನೋ ಪರೀಕ್ಷಿಸಿರಬೇಕು. ಆದಕಾರಣ ಆ 4,201 ಎಂಬುದು ಕುಡಿದವರಿಂದ ಸತ್ತವರ ಸಂಖ್ಯೆಯಲ್ಲ, ಕುಡಿದದ್ದು ದಾಖಲಾದ ಅಪಘಾತಗಳಲ್ಲಿ ಸತ್ತವರ ಸಂಖ್ಯೆ.

ದಾಖಲಾಗದೆ ಹೋಗುವ ಬಗೆ ಬಹು ಸುಲಭವಾದುದು. ಮೋಟಾರು ವಾಹನಗಳ ಕಾಯಿದೆಯ 185ನೆಯ ಪ್ರಕರಣ, ನೂರು ಮಿಲಿಲೀಟರು ರಕ್ತದಲ್ಲಿ 30 ಮಿಲಿಗ್ರಾಮಿಗಿಂತ ಹೆಚ್ಚು ಮದ್ಯಸಾರವಿದ್ದವನು ವಾಹನ ನಡೆಸುವುದನ್ನು ಅಪರಾಧವೆಂದು ಹೇಳುತ್ತದೆ. ಹಾಗೆ ಬಂಧಿತನಾದವನನ್ನು ಎರಡು ಗಂಟೆಯೊಳಗೆ ವೈದ್ಯಪರೀಕ್ಷೆಗೆ ಒಳಪಡಿಸತಕ್ಕದ್ದು, ಇಲ್ಲವಾದರೆ ಬಿಟ್ಟುಬಿಡತಕ್ಕದ್ದು ಎಂದು ಅದೇ ಕಾಯಿದೆ ವಿಧಿಸುತ್ತದೆ. ಇತ್ತ ಮನುಷ್ಯನ ಯಕೃತ್ತು ಯಾವ ಕಾಯಿದೆಗೂ ಕಾಯದೆ, ಅದೇ ನೂರು ಮಿಲಿಲೀಟರಿಗೆ ಗಂಟೆಗೆ ಸುಮಾರು 15 ಮಿಲಿಗ್ರಾಮಿನಂತೆ ಆ ಸಾಕ್ಷ್ಯವನ್ನು ಅಳಿಸುತ್ತಲೇ ಹೋಗುತ್ತದೆ. ಚಂದ್ರಗುತ್ತಿಯಂಥ ಊರಿನ ಆಚೆಯ ತಿರುವಿನಲ್ಲಿ ನಡುರಾತ್ರಿ ಒಂದು ಬೈಕನ್ನು ಕಾರು ಅಪ್ಪಳಿಸಿತೆಂದು ಇಟ್ಟುಕೊಳ್ಳೋಣ. ಬಿದ್ದವರನ್ನು ಎತ್ತಿ ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಶಿವಮೊಗ್ಗಕ್ಕೆ ಸಾಗಿಸುವುದು ಮೊದಲನೆಯ ಧರ್ಮ. ಅದರಲ್ಲಿ ಯಾರದೂ ಆಕ್ಷೇಪವಿಲ್ಲ. ಆ ಗದ್ದಲದಲ್ಲಿ ಕಾರಿನವನು ಕತ್ತಲೆಯಲ್ಲಿ ಮರೆಯಾಗುತ್ತಾನೆ. ಮರುದಿನ ಮಧ್ಯಾಹ್ನ ಸ್ನಾನ ಮಾಡಿ, ತಲೆ ಬಾಚಿ, ವಕೀಲರೊಡನೆ ಠಾಣೆಗೆ ಬರುತ್ತಾನೆ. ಆ ಹೊತ್ತಿಗೆ ಅವನ ರಕ್ತ ನಿರಪರಾಧಿಯಾಗಿರುತ್ತದೆ. ಪ್ರಥಮ ವರ್ತಮಾನ ವರದಿಯಲ್ಲಿ ‘ಅತಿವೇಗ ಮತ್ತು ಅಜಾಗರೂಕತೆಯಿಂದ’ ಎಂಬ ಸಿದ್ಧವಾಕ್ಯ ಬೀಳುತ್ತದೆ. ಊರಿಗೆ ಊರೇ ಅರಿತ ಸಂಗತಿಯೊಂದನ್ನು ರಾಜ್ಯ ಅರಿಯದಂತಾಗುತ್ತದೆ.

ಇಲ್ಲಿ ಒಂದು ವಿಪರ್ಯಾಸವಿದೆ. ಅದನ್ನು ಕುರಿತು ಎಷ್ಟು ಹೇಳಿದರೂ ಸಾಲದು. ಸತ್ಯ ದಾಖಲಾಗಬೇಕೆಂದು ಎಲ್ಲರಿಗಿಂತ ಹೆಚ್ಚಾಗಿ ಬಯಸಬೇಕಾದವರು ಮೃತನ ಬಂಧುಗಳಲ್ಲವೆ? ಆದರೆ ಅವರ ಕಿವಿಯಲ್ಲಿಯೇ, ‘ಕುಡಿದಿದ್ದ ಅಂತ ಬರೆಸಬೇಡಿ, ಇನ್ಶೂರೆನ್ಸಿನವರು ತಕರಾರು ತೆಗೀತಾರೆ’ ಎಂದು ಲೋಕಾನುಭವಿಯಾದ ಯಾರೋ ಒಬ್ಬರು ಪಿಸುಗುಟ್ಟುತ್ತಾರೆ. ಆ ಮಾತು ಪೂರ್ತಿ ಸುಳ್ಳೂ ಅಲ್ಲ. 2019ರ ತಿದ್ದುಪಡಿಯು, ಚಾಲಕ ಮದ್ಯದ ಅಮಲಿನಲ್ಲಿದ್ದನೆಂಬುದನ್ನು ವಿಮಾ ಕಂಪನಿಗಳು ಎತ್ತಬಹುದಾದ ಪ್ರತಿವಾದಗಳ ಸಾಲಿಗೆ ಸೇರಿಸಿತು. ಮೊದಲು ಸಂತ್ರಸ್ತರಿಗೆ ಹಣವನ್ನು ಕೊಟ್ಟು ಆಮೇಲೆ ವಾಹನದ ಮಾಲೀಕನಿಂದ ವಸೂಲು ಮಾಡಿಕೊಳ್ಳಿರೆಂದು ನ್ಯಾಯಾಲಯಗಳು ಕಂಪನಿಗಳಿಗೆ ಅನೇಕ ವೇಳೆ ಆದೇಶಿಸಿವೆಯಾದರೂ, ಆ ಆದೇಶ ಕೈಗೆ ಬರುವುದಕ್ಕೆ ಮುಂಚಿನ ವರ್ಷಗಳಲ್ಲಿ ಸಂಸಾರವನ್ನು ಸಾಕುವವರು ಯಾರು? ಹೀಗೆ, ತನ್ನ ಗಂಡ ಹೇಗೆ ಸತ್ತನೆಂಬುದನ್ನು ಬಾಯಿಬಿಟ್ಟು ಹೇಳಿದರೆ ಮಕ್ಕಳ ಅನ್ನಕ್ಕೆ ಕುತ್ತು ಬಂದೀತೆಂಬ ಭಯ ಹೆಂಡತಿಯನ್ನು ಮೂಕಳನ್ನಾಗಿಸುತ್ತದೆ. ತಪ್ಪಿತಸ್ಥನ ಮೌನವನ್ನು ಕಾಯಿದೆ ಸಹಿಸುವುದು ಹೊಸದಲ್ಲ. ನೊಂದವಳ ಮೌನಕ್ಕೆ ಬೆಲೆ ಕಟ್ಟುವಂತೆ ಕಾಯಿದೆಯನ್ನು ತಿದ್ದಿದ್ದು ಹೊಸದು, ಅದು ನಾಚಿಕೆಗೇಡಿನ ಕೆಲಸವೆಂದು ನನ್ನ ಅಭಿಪ್ರಾಯ. ಮೂರನೆಯವರಿಗೆ ಸಲ್ಲಬೇಕಾದ ಪರಿಹಾರದ ಮಟ್ಟಿಗಾದರೂ ಆ ಪ್ರತಿವಾದವನ್ನು ಅಲ್ಲಿಂದ ತೆಗೆದುಹಾಕುವುದು ಸಂಸತ್ತಿಗೆ ಒಂದು ದಿನದ ಕೆಲಸ.

ಬೆಲೆ ಕಟ್ಟುವ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ದುಡಿಯುವವನು ಸತ್ತದ್ದರಿಂದ ಮನೆಗೆ ನಷ್ಟವಾದ ಆದಾಯವನ್ನು ನ್ಯಾಯಮಂಡಳಿ ಗುಣಿಸಿ ಕಟ್ಟಿಕೊಡುತ್ತದೆ; ಅದು ಗಣಿತ, ಇರಲಿ. ಆದರೆ ಸಂಗಾತಿಯನ್ನು ಕಳೆದುಕೊಂಡದ್ದಕ್ಕೆಂದೇ ಬೇರೊಂದು ಬಾಬು ಉಂಟು. 2017ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟಿನ ಸಂವಿಧಾನಪೀಠ ಅದನ್ನು 40,000 ರೂಪಾಯಿಗೆ ನಿಗದಿ ಮಾಡಿ, ಅಂತ್ಯಕ್ರಿಯೆಗೆ 15,000 ರೂಪಾಯಿ ಸೇರಿಸಿ, ಮೂರು ವರ್ಷಕ್ಕೊಮ್ಮೆ ನೂರಕ್ಕೆ ಹತ್ತರಂತೆ ಏರಿಸಬೇಕೆಂದಿತು. ನ್ಯಾಯಾಧೀಶರನ್ನು ದೂರುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ಮಂಡಳಿಗೊಂದು ಬಗೆಯಾಗಿ ತೀರ್ಪುಗಳು ಹರಿದಾಡುತ್ತಿದ್ದಾಗ ಎಲ್ಲರಿಗೂ ಒಂದೇ ಅಳತೆ ಇರಲೆಂದು ಅವರು ಹಾಗೆ ಮಾಡಿದರು. ಇನ್ನೊಂದು ಕಡೆ, ಕರ್ನಾಟಕ ಸರ್ಕಾರ 2025–26ರ ಆಯವ್ಯಯದಲ್ಲಿ ಅಬಕಾರಿಯಿಂದ ನಿರೀಕ್ಷಿಸಿದ ವರಮಾನ 40,000 ಕೋಟಿ ರೂಪಾಯಿ. ಎರಡು ಕಡೆಯೂ ನಲವತ್ತು ಸಾವಿರವೇ ಬಂದದ್ದು ಕಾಕತಾಳೀಯ. ಕಾಕತಾಳೀಯವೆಂದು ತಿಳಿದೂ ಅವೆರಡನ್ನು ಒಂದೇ ಪುಟದಲ್ಲಿ ಬರೆಯದೆ ಇರಲು ನನ್ನಿಂದಾಗಲಿಲ್ಲ.

ನ್ಯಾಯಾಲಯಗಳು ಈ ವಿಷಯದಲ್ಲಿ ಬಹುಕಾಲ ತಡವರಿಸಿವೆ. ನಮ್ಮ ರಾಜ್ಯದಲ್ಲಿಯೇ, ದುಡುಕಿನ ಚಾಲನೆಯಿಂದ ಪ್ರಾಣಹಾನಿ ಮಾಡಿದ ಒಬ್ಬ ಬಸ್ ಚಾಲಕನಿಗೆ ಕೆಳಗಿನ ನ್ಯಾಯಾಲಯ ಸಾವಿನ ಬಾಬ್ತಿನಲ್ಲಿ ವಿಧಿಸಿದ್ದು 250 ರೂಪಾಯಿ ದಂಡ. 1987ರಲ್ಲಿ ಸುಪ್ರೀಂ ಕೋರ್ಟು ಅದನ್ನು ಆರು ತಿಂಗಳ ಕಠಿಣ ಸಜೆಗೆ ಏರಿಸುತ್ತ, ಇಂಥ ಅನುಚಿತ ಕನಿಕರದಿಂದ ನ್ಯಾಯವ್ಯವಸ್ಥೆಯಲ್ಲಿ ಜನ ಇಟ್ಟ ವಿಶ್ವಾಸವೇ ಕುಂದುತ್ತದೆಂದು ಎಚ್ಚರಿಸಬೇಕಾಯಿತು. ಅದು ಮದ್ಯದ ಪ್ರಕರಣವಲ್ಲ. ಮದ್ಯದ ಪ್ರಕರಣ ಮುಂಬಯಿಯದು: 2006ರ ನವೆಂಬರ್ 12ರ ಬೆಳಗಿನ ಜಾವ ಬಾಂದ್ರಾದ ಕಾರ್ಟರ್ ರಸ್ತೆಯ ಕಾಲುದಾರಿಯಲ್ಲಿ ಮಲಗಿದ್ದ ಕೂಲಿಕಾರರ ಮೇಲೆ ಒಬ್ಬ ತರುಣ ಕಾರು ಹರಿಸಿದನು, ಏಳು ಜನ ಸತ್ತರು. ವಿಚಾರಣಾ ನ್ಯಾಯಾಲಯ ಅದನ್ನು ಬರಿಯ ಅಜಾಗರೂಕತೆಯೆಂದು ಎಣಿಸಿ ಆರು ತಿಂಗಳನ್ನು ಕೊಟ್ಟಿತು. ಹೈಕೋರ್ಟು, ಕುಡಿದು ಚಾಲಕನ ಜಾಗದಲ್ಲಿ ಕುಳಿತವನಿಗೆ ಅದರ ಪರಿಣಾಮದ ಅರಿವು ಇದ್ದೇ ಇರುತ್ತದೆಂಬ ನ್ಯಾಯದಿಂದ ಅದನ್ನು ಕೊಲೆಯಲ್ಲದ ದಂಡನೀಯ ನರಹತ್ಯೆಯೆಂದು ಕರೆದು ಮೂರು ವರ್ಷಕ್ಕೆ ಏರಿಸಿತು. 2012ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಆ ಪ್ರಕರಣ ನಿಂತದ್ದು ಯಾವುದರ ಮೇಲೆ? ತರುಣನ ರಕ್ತವನ್ನು ಹೊತ್ತಿಗೆ ಸರಿಯಾಗಿ ತೆಗೆದು ಅದರಲ್ಲಿದ್ದ ಮದ್ಯಸಾರವನ್ನು ಅಳೆದು ಬರೆದಿಟ್ಟಿದ್ದರು ಎಂಬುದರ ಮೇಲೆ. ಸೀಸೆಯೊಂದರ ಮೇಲೆ ಅಂಟಿಸಿದ ಚೀಟಿ ಇಲ್ಲದಿದ್ದರೆ ಏಳು ಸಾವುಗಳು ಮತ್ತೆ ‘ಅಜಾಗರೂಕತೆ’ಯೊಳಕ್ಕೆ ಸರಿದುಹೋಗುತ್ತಿದ್ದವು.

ಆ ಸೀಸೆಯ ಮಹತ್ವವನ್ನು ಉಳ್ಳವರು ಚೆನ್ನಾಗಿ ಬಲ್ಲರು. 2024ರ ಮೇ 19ರಂದು ಪುಣೆಯ ಕಲ್ಯಾಣಿನಗರದಲ್ಲಿ ಹದಿನೇಳು ವರ್ಷದ ಹುಡುಗನೊಬ್ಬ ನಡೆಸುತ್ತಿದ್ದ ಪೋರ್ಶೆ ಕಾರು ಇಬ್ಬರು ಯುವ ಇಂಜಿನಿಯರುಗಳನ್ನು ಬಲಿ ತೆಗೆದುಕೊಂಡ ಮೇಲೆ, ಅವನ ರಕ್ತದ ಮಾದರಿಯನ್ನು ಸರ್ಕಾರಿ ಆಸ್ಪತ್ರೆಯಲ್ಲಿ ಬದಲಿಸಿದರೆಂಬ ಆರೋಪದ ಮೇಲೆ ವೈದ್ಯರೂ ಹುಡುಗನ ತಂದೆತಾಯಿಗಳೂ ಬಂಧಿತರಾದರು. ಜಾಮೀನು ಕೊಡುವಾಗ ಬಾಲನ್ಯಾಯ ಮಂಡಳಿ ವಿಧಿಸಿದ ಷರತ್ತುಗಳಲ್ಲಿ ಒಂದು, ರಸ್ತೆ ಅಪಘಾತಗಳನ್ನು ಕುರಿತು 300 ಪದಗಳ ಪ್ರಬಂಧವನ್ನು ಬರೆಯಬೇಕೆಂಬುದು. ದೇಶವೆಲ್ಲ ಕೆರಳಿತು, ಆಗ ಹುಡುಗನನ್ನು ವೀಕ್ಷಣಾಲಯಕ್ಕೆ ಕಳಿಸಿದರು, ಒಂದು ತಿಂಗಳ ಮೇಲೆ ಹೈಕೋರ್ಟಿನ ಆಜ್ಞೆಯಂತೆ ಬಿಟ್ಟರು. ಪ್ರಬಂಧವನ್ನು ಬರೆಯುವುದನ್ನೇ ಕಸುಬಾಗಿ ಮಾಡಿಕೊಂಡವನಾಗಿ ನಾನು ಹೇಳಬಹುದಾದುದು ಇಷ್ಟು: ಅಪ್ರಾಪ್ತ ವಯಸ್ಕನು ತಿದ್ದಿಕೊಳ್ಳುವುದಕ್ಕೆ ಕಾಯಿದೆ ಅವಕಾಶ ಕೊಡುವುದು ಸರಿಯೇ, ಅದನ್ನು ಅಲ್ಲಗಳೆಯಬಾರದು, ಆದರೆ ಬರೆಯಲು ಹೇಳಬೇಕಾಗಿದ್ದ ವಿಷಯ ‘ರಸ್ತೆ ಅಪಘಾತಗಳು’ ಎಂಬುದಾಗಿರಲಿಲ್ಲ. ಅಂದು ಎಲ್ಲಿ, ಎಷ್ಟು ಕುಡಿದೆ, ಕಾರಿನ ಕೀಲಿ ಯಾರ ಕೈಯಿಂದ ಬಂದಿತು, ಸತ್ತ ಆ ಇಬ್ಬರು ಯಾರು ಎಂಬ ಸಂಗತಿಗಳನ್ನು ಅವನು ತನ್ನ ಕೈಯಾರೆ ಬರೆದು ಸತ್ತವರ ಮನೆಗಳಿಗೆ ಒಪ್ಪಿಸಬೇಕಾಗಿದ್ದರೆ, 300 ಪದವಲ್ಲ, 30 ಪದವೂ ಭಾರವಾಗುತ್ತಿತ್ತು.

ಶೋಕವು ಪ್ರತೀಕಾರಕ್ಕೆ ತಿರುಗುವುದನ್ನೂ ನಾವು ಬಲ್ಲೆವು. ತಾಯಿಯ ವಿಷಯದಲ್ಲಿ ಮರೆವನ್ನು ಬೇಡಿದ ಅದೇ ಪರಶುರಾಮನು, ಕಾರ್ತವೀರ್ಯನ ಮಕ್ಕಳು ತಂದೆಯನ್ನು ಕೊಂದಾಗ ಯಾರಿಗೂ ಯಾವ ಮರೆವನ್ನೂ ಕೊಡದೆ ಇಪ್ಪತ್ತೊಂದು ಬಾರಿ ಭೂಮಂಡಲವನ್ನು ಸುತ್ತಿ ಕ್ಷತ್ರಿಯರನ್ನು ಸವರಿದನು. ತಂದೆಯೇನೂ ಎದ್ದು ಬರಲಿಲ್ಲ. ಅಪಘಾತದ ಸ್ಥಳದಲ್ಲಿ ಸೇರಿದ ಗುಂಪು ಚಾಲಕನನ್ನು ಹಿಡಿದು ಬಡಿಯುವುದು, ಲಾರಿಗೆ ಬೆಂಕಿ ಹಚ್ಚುವುದು ಈ ಜಾತಿಯ ನ್ಯಾಯವೇ. ಅದರಿಂದ ಆಗುವ ಫಲವೆಂದರೆ, ಕುಡಿಯದಿದ್ದ ಚಾಲಕನೂ ಪ್ರಾಣಭಯದಿಂದ ಓಡಿಹೋಗುವುದು. ಇಬ್ಬರೂ ಓಡಿಹೋದಾಗ ಕುಡಿದವನು ಕುಡಿಯದವನ ನೆರಳಿನಲ್ಲಿ ಬಚ್ಚಿಟ್ಟುಕೊಳ್ಳುವುದು. ಮಾತ್ರವಲ್ಲ, ದಂಡಿಸುವುದಕ್ಕೆ ಯಾರೂ ಉಳಿಯದಂಥ ಸಂದರ್ಭಗಳೂ ಉಂಟು. 2025ರ ಅಕ್ಟೋಬರ್ 24ರ ನಸುಕಿನಲ್ಲಿ ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದ ಖಾಸಗಿ ಬಸ್ಸೊಂದು ಕರ್ನೂಲಿನ ಸಮೀಪ ಉರಿದು ಹತ್ತೊಂಬತ್ತು ಪ್ರಯಾಣಿಕರು ದಹಿಸಿಹೋದರು. ಬಸ್ಸು ಹಾಯ್ದದ್ದು ರಸ್ತೆಯಲ್ಲಿ ಬಿದ್ದಿದ್ದ ಒಂದು ಬೈಕಿನ ಮೇಲೆ. ಅದರ ಸವಾರ ಅದಾಗಲೇ ಸತ್ತಿದ್ದನು. ಅವನು ಕುಡಿದಿದ್ದನೆಂದು ವಿಧಿವಿಜ್ಞಾನದ ಪರೀಕ್ಷೆ ಹೇಳಿತು. ಸೆರೆಮನೆಗೆ ಕಳಿಸಲು ಸವಾರನೇ ಇಲ್ಲದಿದ್ದ ಮೇಲೆ ಆ ಪರೀಕ್ಷೆ ವ್ಯರ್ಥವೆಂದು ಯಾರಾದರೂ ಅಂದರೇ? ಸತ್ತವರ ಮನೆಯವರಿಗೆ ಕಾರಣಗಳ ಸರಪಳಿಯ ಮೊದಲ ಕೊಂಡಿ ಕಾಣಬೇಕಾಗಿತ್ತು, ಕಂಡಿತು. ಹೊಣೆಯ ಮಾತೆಂದರೆ ಸಜೆಯ ಅವಧಿಯ ಮಾತೆಂದು ತಿಳಿದವರು ಈ ಪ್ರಸಂಗವನ್ನು ಗಮನಿಸಬೇಕು. ಸಜೆ ಆಮೇಲಿನದು, ನಡೆದದ್ದು ಇದೇ ಎಂದು ಅಧಿಕಾರಯುತವಾಗಿ ಹೇಳಿಸಿಕೊಳ್ಳುವ ಹಕ್ಕು ಅದಕ್ಕಿಂತ ಮೊದಲಿನದು.

ಹೊಣೆಯನ್ನು ಕೇಳುವ ದನಿ ಬೇರೆಡೆ ಎದ್ದದ್ದುಂಟು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1980ರ ಮೇ 3ರಂದು ಕ್ಯಾಂಡೇಸ್ ಲೈಟ್ನರ್ ಎಂಬಾಕೆಯ ಹದಿಮೂರು ವರ್ಷದ ಮಗಳನ್ನು, ಹಿಂದೆ ಹಲವು ಬಾರಿ ಕುಡಿದು ಸಿಕ್ಕಿಬಿದ್ದಿದ್ದ ಒಬ್ಬ ಚಾಲಕ ಕೊಂದನು. ಆ ತಾಯಿ ಅದೇ ವರ್ಷ ಕಟ್ಟಿದ ತಾಯಂದಿರ ಸಂಘಟನೆ ಅಲ್ಲಿಯ ಕಾಯಿದೆಗಳನ್ನು ಬದಲಿಸಿತೆಂಬುದು ಪ್ರಸಿದ್ಧ. ನಮ್ಮಲ್ಲಿ ಹೆಂಗಸರು ಬೀದಿಗಿಳಿದದ್ದಿಲ್ಲವೆಂದಲ್ಲ. 2019ರ ಜನವರಿಯಲ್ಲಿ ಮದ್ಯನಿಷೇಧವನ್ನು ಕೇಳುತ್ತ ಸಾವಿರಾರು ಹಳ್ಳಿಯ ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದುಬಂದರು. ಅವರ ಕೂಗು ಮನೆಯೊಳಗಿನ ಕುಡಿತವನ್ನು ಕುರಿತದ್ದು. ರಸ್ತೆಯ ಮೇಲಿನ ಕುಡಿತಕ್ಕೆ ಇನ್ನೂ ಅಂಥ ದನಿ ಹುಟ್ಟಿಲ್ಲ. ಹೆದ್ದಾರಿಯ ಅಂಚಿನಿಂದ 500 ಮೀಟರಿನೊಳಗೆ ಮದ್ಯದಂಗಡಿ ಕೂಡದೆಂದು 2016ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ವಿಧಿಸಿದ್ದು, ಇಪ್ಪತ್ತು ಸಾವಿರದೊಳಗಿನ ಜನವಸತಿಯ ಊರುಗಳಿಗೆ 220 ಮೀಟರಾಗಿ, ಮರುವರ್ಷವೇ ಪಟ್ಟಣಗಳೊಳಗೆ ಸೊನ್ನೆಯಾಗಿ ಕರಗಿತು. ಕುಡಿದು ವಾಹನ ನಡೆಸುವ ರೂಢಿಯನ್ನು ಮುರಿಯಲಾಗದೆಂಬ ವಾದವನ್ನು ಮಾತ್ರ ಚಂದ್ರಗುತ್ತಿಯವರ ಮುಂದೆ ಹೇಳಬಾರದು. 1986ರ ಜಾತ್ರೆಯಲ್ಲಿ ಬೆತ್ತಲೆ ಸೇವೆಯನ್ನು ತಡೆಯಹೋದ ಕಾರ್ಯಕರ್ತರೂ ಪೊಲೀಸರೂ ಪೆಟ್ಟನ್ನೂ ಅವಮಾನವನ್ನೂ ಉಂಡ ಮೇಲೆ ಸರ್ಕಾರ ಅದನ್ನು ನಿಷೇಧಿಸಿತು. ದೇವಿಯ ಮೇಲಿನ ಭಕ್ತಿ ಅದರಿಂದೇನೂ ಕಡಮೆಯಾಗಲಿಲ್ಲ. ಮದುವೆಯ ಹಿಂದಿನ ರಾತ್ರಿ, ಅಡಿಕೆ ಮಾರಿದ ದಿನ, ಹೋರಿ ಹಬ್ಬದ ಸಂಜೆ ಕುಡಿದವನ ಕೈಗೆ ಬೈಕಿನ ಕೀಲಿಯನ್ನು ಕೊಟ್ಟು ‘ಹುಷಾರು ಮಾರಾಯ’ ಎಂದು ಬೆನ್ನು ತಟ್ಟಿ ಕಳಿಸುವ ರೂಢಿಗೆ ಯಾವ ಸ್ಥಳಪುರಾಣದ ಆಧಾರವೂ ಇಲ್ಲ.

ಹೀಗೆ ಹೊಣೆಯನ್ನು ಹಂಚುತ್ತ ಹೋದರೆ ಅಂಗಡಿಯವನು, ಗೆಳೆಯ, ಸರ್ಕಾರ ಎಲ್ಲರ ಪಾಲಿಗೂ ಒಂದಿಷ್ಟು ಬಂದು, ವಾಹನ ನಡೆಸಿದವನ ಪಾಲು ತೆಳುವಾಗಿಬಿಡುವ ಅಪಾಯವಿದೆ. ಹಾಗಾಗಗೊಡಬಾರದು. ಇತರರದು ಕೂಡಿಸಿದ ಲೆಕ್ಕ, ಅವನದರಲ್ಲಿ ಕಳೆದದ್ದಲ್ಲ. ಅವನ ಹೆಂಡತಿ ಮಕ್ಕಳು ನಿರಪರಾಧಿಗಳೆಂಬುದೂ ನಿಜ. ಊರು ಅವರನ್ನು ಸಾಕಬೇಕಾಗಿ ಬಂದರೆ ಸಾಕಲಿ, ಅದಕ್ಕಾಗಿ ಸತ್ತವನ ಮನೆಯವರು ಸುಳ್ಳು ಹೇಳಬೇಕಾಗಿಲ್ಲ. ಹಿಂದೆ ಅಜಾಗರೂಕತೆಯ ಸಾವಿಗೆ ಎರಡು ವರ್ಷವಾಗಿದ್ದ ಗರಿಷ್ಠ ಶಿಕ್ಷೆಯನ್ನು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಐದು ವರ್ಷಕ್ಕೆ ಏರಿಸಿದೆ; ಸಾವನ್ನುಂಟುಮಾಡಿ ತಿಳಿಸದೆ ಓಡಿಹೋದವನಿಗೆ ಹತ್ತು ವರ್ಷವೆಂದು ಬರೆದ ಉಪಪ್ರಕರಣವನ್ನು, ಲಾರಿ ಚಾಲಕರ ಮುಷ್ಕರದ ತರುವಾಯ, ಆ ದಿನ ಜಾರಿಗೆ ತರದೆ ತಡೆಹಿಡಿಯಲಾಯಿತು. ನ್ಯಾಯ ಸಂಹಿತೆಯ ಜೊತೆಗೆ ಬಂದ ನಾಗರಿಕ ಸುರಕ್ಷಾ ಸಂಹಿತೆ, ತನಿಖೆ ಎಲ್ಲಿಗೆ ಬಂದಿದೆಯೆಂಬುದನ್ನು ತೊಂಬತ್ತು ದಿನದೊಳಗೆ ನೊಂದವರಿಗೆ ಪೊಲೀಸರು ತಿಳಿಸಬೇಕೆಂದಿದೆ. ವರ್ಷಗಳನ್ನು ಏರಿಸಿದ್ದಕ್ಕಿಂತ ಈ ತೊಂಬತ್ತು ದಿನ ದೊಡ್ಡ ಸುಧಾರಣೆಯೆಂದು ನನಗೆ ತೋರುತ್ತದೆ. ಅದನ್ನು ಕೇಳಿ ಪಡೆಯಬಹುದೆಂಬುದು ಹಳ್ಳಿಯ ಎಷ್ಟು ಮನೆಗಳಿಗೆ ಗೊತ್ತು?

ಇನ್ನು ಮಾಡಬೇಕಾದದ್ದು ದೊಡ್ಡ ಖರ್ಚಿನ ಕೆಲಸವೇನಲ್ಲ. ಸಾವು ಸಂಭವಿಸಿದ ಪ್ರತಿಯೊಂದು ಅಪಘಾತದಲ್ಲಿಯೂ, ಸಂಶಯವಿರಲಿ ಬಿಡಲಿ, ಬದುಕುಳಿದ ಚಾಲಕನ ರಕ್ತವನ್ನೂ ಸತ್ತ ಚಾಲಕನ ರಕ್ತವನ್ನೂ ತೆಗೆಯುವುದು ಕಡ್ಡಾಯವಾಗಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ನಡುರಾತ್ರಿಯಲ್ಲಿಯೂ ಅದನ್ನು ಮಾಡಬಲ್ಲ ವೈದ್ಯರೊಬ್ಬರು, ಮೊಹರು ಮಾಡುವ ಸಾಮಗ್ರಿ, ಸೀಸೆಯನ್ನು ಪ್ರಯೋಗಾಲಯಕ್ಕೆ ಒಯ್ಯುವ ಒಬ್ಬ ಪೇದೆ ಇರಬೇಕು. ಓಡಿಹೋಗಿ ಮರುದಿನ ಬಂದವನ ವಿಷಯದಲ್ಲಿ, ಹಿಂದಿನ ರಾತ್ರಿ ಅವನು ಯಾವ ಅಂಗಡಿಯಲ್ಲಿ ಯಾರೊಡನೆ ಕುಳಿತಿದ್ದನೆಂಬುದನ್ನು ಕೇಳಿ ಬರೆದುಕೊಳ್ಳಬೇಕು. ಪ್ರಯೋಗಾಲಯದ ವರದಿಯ ಪ್ರತಿಯೊಂದು, ಕೇಳಲಿ ಕೇಳದಿರಲಿ, ಮೃತನ ಮನೆಯವರಿಗೆ ಅವರಿಗೆ ತಿಳಿಯುವ ಕನ್ನಡದಲ್ಲಿ ಹೋಗಬೇಕು. ನಲವತ್ತು ಸಾವಿರ ಕೋಟಿಯನ್ನು ಎಣಿಸಿಕೊಳ್ಳುವ ಖಜಾನೆಗೆ ಸೊರಬ ಮತ್ತು ಶಿಕಾರಿಪುರದ ಆಸ್ಪತ್ರೆಗಳಲ್ಲಿ ಇಷ್ಟನ್ನು ಏರ್ಪಡಿಸುವುದಕ್ಕೆ ಹಣವಿಲ್ಲವೆಂದು ಯಾವ ಮಂತ್ರಿಯೂ ವಿಧಾನಸಭೆಯಲ್ಲಿ ನಿಂತು ಹೇಳಲಾರರು. ಅವರನ್ನು ಹಾಗೆ ನಿಲ್ಲಿಸಿ ಕೇಳುವ ಕೆಲಸ ಈ ಎರಡು ತಾಲ್ಲೂಕುಗಳ ಶಾಸಕರದು.